ಚಿಕ್ಕಪ್ಪ ಅಲ್ಲಾಡಿಸದೆ ಒಪ್ಪಿಕೊಂಡ ಒಂದೇ ಒಂದು ವಸ್ತು

ನಮ್ಮ ಚಿಕ್ಕಪ್ಪನ ಕೈಗೆ ಏನಾದರೂ ಕೊಡುವ ಮುನ್ನ ಸ್ವಲ್ಪ ಯೋಚಿಸಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಅವರು ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ! ತಿಪಟೂರಿನಲ್ಲಿ ಆಯಸ್ಸೆಲ್ಲ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು, ಆಗಲೇ ಅವರಿಗೆ ಸಮಾಧಾನ. ಅದೇ ಅಭ್ಯಾಸದಲ್ಲಿ ಹೊಸ ಮೊಬೈಲನ್ನೂ ಅಲ್ಲಾಡಿಸಿದರು, ಲ್ಯಾಪ್‌ಟಾಪನ್ನೂ ಅಲ್ಲಾಡಿಸಿದರು. ಹೆಣ್ಣು ನೋಡಲು ಹೋದಾಗ ಏನು ಮಾಡಿದರೋ, ಚಿಕ್ಕಮ್ಮ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ!

ವ್ಯಾಪಾರ ಬಿಟ್ಟ ಮೇಲೆ ಸುಮ್ಮನೆ ಕೂರುವ ಜೀವವೇ ಅದು? ಹೊನ್ನವಳ್ಳಿಯ ತೋಟದ ಮನೆಯಲ್ಲೇ ಕೂತು ಜರ್ಮನಿಯ ಒಂದು ಊರಿನ ನಕ್ಷೆ ಮಾಡುವ ಕೆಲಸ ಹಿಡಿದರು. ವಾರಕ್ಕೊಂದು ಬಡಾವಣೆಯ ಬೀದಿ, ಅಂಗಡಿಗಳ ಫೈಲ್ ಬರುತ್ತದೆ. ಅದನ್ನು ನಕ್ಷೆಗೆ ತುಂಬಿಸಬೇಕು. ಜರ್ಮನ್ ಭಾಷೆಯ ಗಂಧವೂ ಇಲ್ಲ. ಆದರೆ ಆ ಊರಿನ ಬೇಕರಿಗೆ ದಾರಿ ಕೇಳಿ, ನಮ್ಮೂರ ಹಾಲಿನ ಡೈರಿಗೆ ದಾರಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಫೋನ್ ಮಾಡಿ, ಮಾಲು ಕೆಟ್ಟಿದೆ, ಬೇಗ ಬಾ ಎಂದರು. ತಿಪಟೂರಿನಿಂದ ಬೈಕ್ ಹತ್ತಿ ಓಡಿದೆ. ನೋಡಿದರೆ ಕೆಟ್ಟದ್ದು ಕೊಬ್ಬರಿಯಲ್ಲ, ಫೈಲ್! ತಲೆಯ ಮೇಲೆ ಎರಡು ಚುಕ್ಕಿ ಇರಬೇಕಾದ ಜರ್ಮನ್ ಅಕ್ಷರಗಳ ಜಾಗದಲ್ಲೆಲ್ಲ ಏನೇನೋ ಗೀಟು, ಬಾಲ, ಚಿಹ್ನೆ. ಸಂಜೆಯೊಳಗೆ ಸರಿಹೋಗದಿದ್ದರೆ ಹೆಸರು ಕೆಟ್ಟ ಬೀದಿಗಳನ್ನು ತೆಗೆದುಹಾಕಿಬಿಡಿ, ಯಾರೂ ನೋಡುವುದಿಲ್ಲ ಎಂದು ಕೆಲಸ ಕೊಟ್ಟವರು ಹೇಳಿದ್ದರಂತೆ.

“ನೋಡೋರು ಇದಾರೆ ಕಣಪ್ಪ,” ಎಂದರು ಚಿಕ್ಕಪ್ಪ. ಮುಖ ಬಾಡಿಹೋಗಿತ್ತು. ಎಲ್ಲಿಯ ಜರ್ಮನಿ, ಎಲ್ಲಿಯ ಹೊನ್ನವಳ್ಳಿ, ಇವರಿಗೇಕೆ ಇಷ್ಟು ಸಂಕಟ?

ಅಷ್ಟರಲ್ಲಾಗಲೇ ಹೆಸರುಗಳನ್ನು ಕೈಯಾರೆ ತಿದ್ದಲು ಹೋಗಿ ಚೆನ್ನಾಗಿದ್ದವನ್ನೂ ಕೆಡಿಸಿಟ್ಟಿದ್ದರು. ಪುಣ್ಯಕ್ಕೆ, ಮೂಟೆಯಿಂದ ಮಾದರಿ ತೆಗೆದಿಡುವ ವ್ಯಾಪಾರಿ ಬುದ್ಧಿ ಮಾತ್ರ ಬಿಟ್ಟಿರಲಿಲ್ಲ. ಮೂಲ ಫೈಲ್ ಬೇರೆಯಾಗಿ ಹಾಗೇ ಇತ್ತು. ಅದನ್ನು ಮತ್ತೆ ತುಂಬಿಸಲು ಕೂತೆವು. ಪರದೆಯ ಮೇಲೆ ಪುಟ್ಟ ಚೌಕವೊಂದು ಬಂದು, ಈ ಅಕ್ಷರಗಳನ್ನು ಯಾವ ಎನ್‌ಕೋಡಿಂಗ್ ಪ್ರಕಾರ, ಎಂದರೆ ಅಕ್ಷರವನ್ನು ಅಂಕಿಯಾಗಿ ಬರೆದಿಡುವ ಯಾವ ಕ್ರಮದಲ್ಲಿ, ಓದಲಿ ಎಂದು ಕೇಳಿತು. ಅದು ಪ್ರತಿವಾರವೂ ಕೇಳುತ್ತಿತ್ತಂತೆ. ಚಿಕ್ಕಪ್ಪ ಕಣ್ಣೆತ್ತಿಯೂ ನೋಡದೆ ಓಕೆ ಒತ್ತುತ್ತಿದ್ದರಂತೆ. ಈ ವಾರದ ಫೈಲ್ ಬೇರೊಂದು ಕಚೇರಿಯಿಂದ ಬಂದದ್ದು, ಅದರ ಕ್ರಮವೇ ಬೇರೆ. ಜನ್ಮದಲ್ಲಿ ಅವರು ಅಲ್ಲಾಡಿಸದೆ ಒಪ್ಪಿಕೊಂಡದ್ದು ಆ ಚೌಕವೊಂದನ್ನೇ!

ಹಳೆಯ ಆಯ್ಕೆ ಬಿಟ್ಟು ಯುಟಿಎಫ್-8 ಎಂಬ ಕ್ರಮವನ್ನು ಒತ್ತಿದೆವು. ಬೀದಿಗಳೆಲ್ಲ ತಲೆಗೆ ಚುಕ್ಕಿ ಇಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ಸಾಲಾಗಿ ಬಂದು ನಿಂತವು. ಮಾಲು ಮೊದಲಿನಿಂದಲೂ ಚೆನ್ನಾಗೇ ಇತ್ತು ಎಂದು ಚಿಕ್ಕಪ್ಪ ಜರ್ಮನ್ನರನ್ನು ಧಾರಾಳವಾಗಿ ಕ್ಷಮಿಸಿದರು.

ಫೈಲ್ ಕಳಿಸಿ ಕಾಫಿ ಕುಡಿಯುವಷ್ಟರಲ್ಲಿ ಸಂಜೆಯಾಯಿತು. ಅವರು ಲ್ಯಾಪ್‌ಟಾಪನ್ನು ಜಗುಲಿಗೆ ತಂದು ಚಿಕ್ಕಮ್ಮನ ಪಕ್ಕ ಕೂತರು. ಮಂಡಿನೋವು ಹಿಡಿದ ಮೇಲೆ ಚಿಕ್ಕಮ್ಮ ಜಗುಲಿ ಇಳಿದವರಲ್ಲ. ಸಂಜೆಯಾದರೆ ಇಬ್ಬರೂ ತೋಟ ಸುತ್ತುತ್ತಿದ್ದದ್ದು ನಿಂತೇಹೋಗಿತ್ತು.

“ನೆನ್ನೆ ಬೇಕರಿ ತಾವ ನಿಂತಿದ್ವಲ್ರೀ,” ಎಂದರು ಚಿಕ್ಕಮ್ಮ. “ಅಲ್ಲಿಂದಾಚೆಗೆ ಯಾವ ಬೀದಿ?”

ಚಿಕ್ಕಪ್ಪ ಹೊಸ ಬೀದಿಯ ಹೆಸರನ್ನು ತಮಗೆ ತೋಚಿದ ಹಾಗೆ, ಆದರೆ ಒಂದಕ್ಷರವನ್ನೂ ಬಿಡದೆ, ನಿಧಾನವಾಗಿ ಓದಿದರು. ನೋಡುವವರು ಯಾರೆಂದು ನನಗೆ ಆಗ ತಿಳಿಯಿತು. ಪರದೆಯ ಮೇಲೆ ಮುಂದೊಂದು ದೊಡ್ಡ ರಸ್ತೆ ಬಂತು. ದಾಟುವ ಮೊದಲು ಚಿಕ್ಕಪ್ಪ ಚಿಕ್ಕಮ್ಮನ ಕೈ ಹಿಡಿದುಕೊಂಡರು.