ಗುಬ್ಬಿ ತಂದ ಹಾಸಿಗೆ

ವಿಮಾ ಕಚೇರಿಯ ಗುಮಾಸ್ತರು ತಮ್ಮ ವಿಗ್ ತೊಳೆದು ತಾರಸಿಯಲ್ಲಿ ಒಣಹಾಕಿದ್ದೇ ತಪ್ಪಾಯಿತು. ಗುಬ್ಬಿಯೊಂದು ಅದರಿಂದ ಕೂದಲು ಕಿತ್ತು ಗೂಡಿಗೆ ಒಯ್ದಿತು. ಎರಡನೇ ಕ್ಲಾಸಿನ ಮಗಳು ಅದನ್ನು ನೋಡಿ ಪದ್ಯ ಕಟ್ಟಿಬಿಟ್ಟಳು. ಮಕ್ಕಳ ಕವಿಗೋಷ್ಠಿಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಹಾಡುತ್ತಿದ್ದಳು:

ಗುಬ್ಬಿ ಗುಬ್ಬಿ, ಗೂಡಿಗೆ ಏನೇನು ತಂದೆ?
ಒಣಹುಲ್ಲು ತಂದೆ, ಹತ್ತಿಯ ತಂದೆ.
ಮರಿಗೆ ಮೆತ್ತನೆ ಹಾಸಿಗೆ ಎಲ್ಲಿಂದ ತಂದೆ?
ವಿಗ್ಗು ಒಣಗಿಸಿದ್ದರು ನಿನ್ನ ತಂದೆ!

ಗುಮಾಸ್ತರಿಗೆ ಕಾಫಿ ನೆತ್ತಿಗೇರಿತು.

"ಪುಟ್ಟಿ, ಇವತ್ತು ನಮ್ಮ ಮ್ಯಾನೇಜರ್ರೇ ತೀರ್ಪುಗಾರರು ಕಣೇ! ನನ್ನ ತಲೆ ವಿಷ್ಯ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ಆ ಕೊನೇ ಸಾಲು ತೆಗಿ."

"ಟೀಚರ್‌ಗೆ ಅದೇ ಇಷ್ಟ ಆಗಿದ್ದಪ್ಪಾ."

ಅಷ್ಟರಲ್ಲಿ ಕೆಳಗಿನ ಮನೆಯಾಕೆ ಹತ್ತಿ ಬಂದರು. "ಏನಮ್ಮಾ ಪದ್ಯ? ಇನ್ನೊಂದ್ಸಲ ಹೇಳು, ಕೇಳೋಣ."

ಮಗಳು ಕೊನೆಯ ಸಾಲಿಗೆ ಬರುತ್ತಲೇ ಗುಮಾಸ್ತರು ಕೆಟ್ಟ ಸ್ಕೂಟರಿನಂತೆ ಕೆಮ್ಮತೊಡಗಿದರು. ಆಕೆ ಓಡಿಹೋಗಿ ಕಹಿ ಔಷಧಿ ತಂದು ಎರಡು ಚಮಚ ಕುಡಿಸಿಯೇ ಬಿಟ್ಟರು.

ಕಚೇರಿಯಲ್ಲಿ ಮ್ಯಾನೇಜರ್, "ನಿಮ್ಮ ಮಗಳದೇನ್ರೀ ಪದ್ಯ?" ಎಂದರು. ಮತ್ತೆ ಅದೇ ಕೆಮ್ಮು. "ಮನೆಗೆ ಹೋಗ್ರೀ, ನಮಗೂ ಅಂಟಿಸ್ಬೇಡಿ" ಎಂದು ಅರ್ಧ ದಿನದ ರಜೆ ಹಾಕಿಸಿ ಓಡಿಸಿದರು.

ಗುಮಾಸ್ತರು ಮನೆಯಲ್ಲಿ ತಲೆ ಕೆರೆದುಕೊಂಡು, ಅಂದರೆ ವಿಗ್ ಕೆರೆದುಕೊಂಡು, ಹೊಸ ಸಾಲು ಹೊಸೆದರು: 'ಬೆಳ್ಮುಗಿಲ ತುಣುಕನು ಕಿತ್ತು ತಂದೆ.' ಅಪ್ಪ ಗೋಗರೆದದ್ದಕ್ಕೆ ಮಗಳು ಒಪ್ಪಿದಳು.

ಸಂಜೆ ಸಭಾಂಗಣ ತುಂಬಿತ್ತು. ಮಗಳು ಮೂರು ಸಾಲು ಗಂಟೆ ಬಾರಿಸಿದಂತೆ ಹೇಳಿದಳು. ನಾಲ್ಕನೆಯದಕ್ಕೆ ತಡವರಿಸಿದಳು.

"ಬೆಳ್... ಬೆಳ್ಮು... ಬೆಳ್ಳುಳ್ಳಿ..."

ಮಕ್ಕಳು ಗೊಳ್ಳೆಂದರು. ಅವಳ ತುಟಿ ನಡುಗಿತು, ಕಣ್ಣು ತುಂಬಿತು. ಗುಮಾಸ್ತರಿಗೆ ಮ್ಯಾನೇಜರ್ ಮರೆತುಹೋದರು, ಮಾನವೂ ಮರೆತುಹೋಯಿತು. ಎದ್ದು ನಿಂತು ಗರ್ಜಿಸಿದರು:

"ವಿಗ್ಗು ಒಣಗಿಸಿದ್ದರು ನಿನ್ನ ತಂದೆ!"

ಅಷ್ಟಕ್ಕೇ ನಿಲ್ಲದೆ ತಲೆಯಿಂದ ಅದನ್ನು ಕಿತ್ತು, ಗುಬ್ಬಿ ಮಾಡಿದ್ದ ತೂತು ಕಾಣುವಂತೆ ಎತ್ತಿ ಹಿಡಿದರು. "ಇದೇ ನೋಡ್ರೀ ಅದು!"

ಸಭಾಂಗಣ ಚಪ್ಪಾಳೆಯಿಂದ ಅದುರಿತು. ಮಗಳು ಕಣ್ಣೊರೆಸಿಕೊಂಡು ಆ ಸಾಲನ್ನು ಮೂರು ಸಲ ಹೇಳಿದಳು. ಮೊದಲ ಬಹುಮಾನ! ಮ್ಯಾನೇಜರ್ ನಕ್ಕು ನಕ್ಕು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಗುಮಾಸ್ತರ ಬೋಳುತಲೆ ದೀಪದ ಬೆಳಕಿಗೆ ಇನ್ನೊಂದು ಬಹುಮಾನದ ಬಟ್ಟಲಿನಂತೆ ಹೊಳೆಯಿತು.

ಕೆಳಗಿನ ಮನೆಯಾಕೆ ಹತ್ತಿರ ಬಂದು ಪಿಸುಗುಟ್ಟಿದರು. "ಸಾಲು ಹೇಳಿ ಕೂತ್ಕೊಂಡಿದ್ರೆ ಮಗುವಿನ ಕಲ್ಪನೆ ಅಂದ್ಕೊತಿದ್ವಲ್ರೀ. ತೆಗೆದು ತೋರ್ಸೋಕೆ ಯಾರು ಹೇಳಿದ್ರು?"

ಗುಮಾಸ್ತರು ಬೆಚ್ಚಿ, ವಿಗ್ ಹಾಕಿಕೊಳ್ಳಲು ಕೈಚಾಚಿದರು. ಅದನ್ನಿಟ್ಟಿದ್ದ ಪಕ್ಕದ ಕುರ್ಚಿ ಖಾಲಿ. ವೇದಿಕೆಯ ಕೆಳಗೆ ಮಕ್ಕಳ ಸಾಲು ಬಾಗಿಲವರೆಗೂ ಬೆಳೆದಿತ್ತು. ಅದರ ಮುಂದೆ ನಿಂತ ಮಗಳು, ಮಹಾರಾಣಿಯ ಗತ್ತಿನಲ್ಲಿ, ವಿಗ್ಗಿನ ಕೂದಲನ್ನು ಹಿಡಿಹಿಡಿಯಾಗಿ ಕಿತ್ತು ಹಂಚುತ್ತಿದ್ದಳು.

"ತಳ್ಳಾಡ್ಬೇಡಿ! ಎಲ್ರ ಮನೆ ಗುಬ್ಬಿಗೂ ಸಿಗುತ್ತೆ!"