ವಾರಗಿತ್ತಿಯ ಎಡಗೆನ್ನೆ

ಬದುಕಿದ್ದಾಗ ಮೂಲೆಯಲ್ಲಿ ಕೂತವರನ್ನು ಸತ್ತ ಮೇಲೆ ಎರಡಡಿ ಎತ್ತರದ ಫೋಟೋ ಮಾಡಿ ನಡುಮನೆಯ ಗೋಡೆಗೆ ಏರಿಸುವುದು ನಮ್ಮ ಪದ್ಧತಿ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಷ್ಟು ಓದಿಗೇ ಇದು ತಲೆಕೆಳಗಾದ ಕೆಲಸ ಎಂದು ತೋರುತ್ತಿತ್ತು. ನನ್ನ ವಾರಗಿತ್ತಿ ಗೌರಮ್ಮ ಹೋದಾಗ ಆ ಕೆಲಸ ನನ್ನ ತಲೆಗೇ ಬಂತು. ನಲವತ್ತು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದವರು ನಾವು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೇಳಿದರೂ ಮತ್ತೆ ಹಾಕುವ ಹೆಂಗಸು ಅವಳು. ಸತ್ತಾಗ ಕಣ್ಣೀರು ಹಾಕಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಇನ್ನು ಮುಂದೆ ಗೋಡೆಯ ಮೇಲೆ ಆ ಮುಖವನ್ನು ದಿನಾ ನೋಡಬೇಕಾದವಳು ನಾನು. ಅದು ಅವಳದೇ ಮುಖವಾಗಿರಲಿ ಎನ್ನುವುದಷ್ಟೇ ನನ್ನ ಹಟ.

ಫೋಟೋ ಸಿಗಬೇಕಲ್ಲ. ಕರ್ಜಿಕಾಯಿ ಕರಿಯುವಾಗ ಎಣ್ಣೆ ಸಿಡಿದು ಗೌರಮ್ಮನ ಎಡಗೆನ್ನೆಯ ಮೇಲೆ ಕಲೆಯಾಗಿತ್ತು. ಆಮೇಲೆ ಯಾರಾದರೂ ಫೋಟೋಕ್ಕೆಂದು ಫೋನ್ ಎತ್ತಿದರೆ ಸಾಕು, ಸೆರಗು ಎಳೆದುಕೊಳ್ಳುತ್ತಿದ್ದಳು. ಆಧಾರ್ ಕಾರ್ಡಿನ ಮುಖವನ್ನು ಹಿಗ್ಗಿಸಿದರೆ ಮೋಡ ಕವಿದಂತಿತ್ತು. ಉಳಿದದ್ದು ಒಂದೇ, ಹೊನ್ನಾಳಿಯಲ್ಲಿ ಅವಳ ಮಗಳು ಶೋಭಾಳ ಗೃಹಪ್ರವೇಶದ ಗುಂಪಿನ ಫೋಟೋ. ಅದರಲ್ಲಿ ಗೌರಮ್ಮ ಹಿಂದಿನ ಸಾಲಿನಲ್ಲಿ ಶೇಂಗಾಬೀಜದಷ್ಟು ಕಾಣುತ್ತಾಳೆ. ಶೋಭಾಳಿಗೆ ಫೋನ್ ಮಾಡಿದೆ.

“ಫೋನ್ ಹ್ಯಾಂಗ್ ಆಗ್ತಿತ್ತು ದೊಡ್ಡವ್ವ, ಎಲ್ಲ ಅಳಿಸಿಬಿಟ್ಟೆ. ನ್ಯಾಮತಿ ನಾದಿನಿಗೆ ಕಳಿಸಿದ್ದೆ, ಕೇಳ್ತೀನಿ ತಡಿ” ಎಂದಳು. ನಾದಿನಿ ಅದನ್ನು ಸ್ಟೇಟಸ್ಸಿಗೆ ಹಾಕಿ ತಾನೂ ಅಳಿಸಿದ್ದಳು. ಆ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ಜಗಳೂರಿನ ನನ್ನ ತಂಗಿಯ ಮಗಳ ಹತ್ತಿರ ಸಿಕ್ಕಿತು. ಅವಳು ನನಗೆ ಕಳಿಸಿದಳು.

ಶೋಭಾಳನ್ನು ಕರೆದುಕೊಂಡು ಚನ್ನಗಿರಿಯ ಸ್ಟುಡಿಯೋಕ್ಕೆ ಹೋದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಹಿಗ್ಗಿಸಿದ. ಮುಖ ಹೋಗಿ ಚೌಕ ಚೌಕ ಬಂತು.

“ಅಜ್ಜಿ, ಇದು ಎಷ್ಟು ಊರು ತಿರುಗಿ ಬಂದೈತ್ರಿ?”

“ಹೊನ್ನಾಳಿ, ನ್ಯಾಮತಿ, ಜಗಳೂರು.”

“ಕಳಿಸಿದಾಗೆಲ್ಲ ವಾಟ್ಸಾಪ್ ಅದನ್ನ ಹಿಂಡ್ತೈತ್ರಿ. ಇಷ್ಟರಾಗ ದೊಡ್ಡದು ಮಾಡಾಕೆ ಹೋದ್ರೆ ಮಸುಕು ದೊಡ್ಡದಾಗ್ತೈತೆ, ಮುಖ ಆಗಲ್ಲ.”

ಅರ್ಥವಾಯಿತು. ಮನೆಯಿಂದ ಮನೆಗೆ ಹೋದ ಮಜ್ಜಿಗೆಗೆ ಒಬ್ಬೊಬ್ಬರೂ ಒಂದೊಂದು ಚೊಂಬು ನೀರು ಹಾಕಿದ ಹಾಗೆ.

“ಈಗ ಎಐ ಐತ್ರಿ, ಇಲ್ಲದ್ದನ್ನ ಅದೇ ತುಂಬ್ತೈತೆ” ಎಂದು ಏನೋ ಒತ್ತಿದವನು ತಡೆದು ಕೇಳಿದ: “ಇವರ ಎಡಗೆನ್ನೆಗೆ ಅಡ್ಡ ನಿಂತೈತಲ್ಲ, ಈ ಹೆಗಲು ಯಾರದ್ರಿ?”

“ನಂದು.”

ಗೃಹಪ್ರವೇಶದ ದಿನ ಹೊಸ ಸೀರೆ ಉಟ್ಟಿದ್ದೆ. ಅದು ಕಾಣಲಿ ಎಂದು ಮೊಣಕೈ ಹಾಕಿ ಮುಂದೆ ನುಗ್ಗಿದ್ದೆ. ಸ್ಟುಡಿಯೋದವನಿಗೆ ಇದನ್ನು ಹೇಳಲಿಲ್ಲ.

ಅವನು ಹೆಗಲು ಅಳಿಸಿದ. ಮಷೀನು ಆ ಜಾಗಕ್ಕೆ ಒಂದು ಕೆನ್ನೆ ಹುಟ್ಟಿಸಿತು. ಬೆಣ್ಣೆಯಂಥ ಕೆನ್ನೆ, ಸಾಲುಹಲ್ಲು, ನನ್ನ ಜೊತೆ ಒಂದು ದಿನವೂ ಜಗಳವಾಡಿರದ ಕಣ್ಣು.

“ಅವ್ವ ಚೆಂದ ಕಾಣ್ತಾಳೆ. ಇರ್ಲಿ ಬಿಡು ದೊಡ್ಡವ್ವ” ಎಂದಳು ಶೋಭಾ.

“ಚೆಂದ ಐತೆ. ಆದ್ರೆ ಇವಳ್ಯಾರು? ಕಲೆ ಎಲ್ಲೈತೆ?”

“ಕಲೆ ತಾನೇ, ಹಾಕ್ತೀನ್ರಿ. ಎಷ್ಟಿತ್ತು? ಕಿವಿ ಕಡೆಗೋ, ಬಾಯಿ ಕಡೆಗೋ?”

ಕಿವಿ ಕಡೆಗೆ ಎಂದೆ. ಬಾಯಿ ಕಡೆಗೆ ಎಂದಳು ಶೋಭಾ. ಹುಣಸೆಬೀಜದಷ್ಟು ಎಂದೆ. ಎಂಟಾಣೆಯಷ್ಟು ಎಂದಳು. ಅವನು ಮೌಸ್ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾ ಕೂತ. ಇವಳು ಆ ಕೆನ್ನೆಗೆ ಮುತ್ತಿಟ್ಟು ಬೆಳೆದ ಮಗಳು, ನಾನು ಅದೇ ಕೆನ್ನೆಗೆ ನಲವತ್ತು ವರ್ಷ ಎದುರು ಕೂತು ಬೈದವಳು. ಇಬ್ಬರಲ್ಲಿ ಒಬ್ಬಳೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಶೋಭಾ ಅಲ್ಲೇ ಅಳಲು ಶುರು ಮಾಡಿದಳು. ನಾನು ಅವನ ಮೌಸಿನ ಕೈ ತಡೆದೆ.

“ಏನೂ ತುಂಬಬ್ಯಾಡಪ್ಪ. ಹೆಂಗೈತೋ ಹಂಗೇ ತೆಗೆದುಕೊಡು. ಎರಡಡಿ ಬ್ಯಾಡ, ಮುಖ ತಡಕೊಳ್ಳೋವಷ್ಟೇ ದೊಡ್ಡದು ಮಾಡು” ಎಂದೆ.

ತಡೆದುಕೊಂಡದ್ದು ಒಂದು ಗೇಣು. ಗೌರಮ್ಮನ ಹೆಸರಿನಲ್ಲಿ ಊಟ ಹಾಕಿದ ಶಿವಗಣಾರಾಧನೆಯ ದಿನ ಅದನ್ನೇ ಇಟ್ಟು ಪೂಜೆ ಮಾಡಿದೆವು. ಗೌರಮ್ಮನ ಅರ್ಧ ಮುಖ, ಅದರ ಮುಂದೆ ನನ್ನ ಹೆಗಲು ಮತ್ತು ಹೊಸ ಸೀರೆ. ಹಾರ ಹಾಕಿದರೆ ಮುಕ್ಕಾಲು ಪಾಲು ನನ್ನ ಮೇಲೇ ಬಿತ್ತು. ಕೈ ಮುಗಿದ ಹಿರಿಯರೊಬ್ಬರು ಫೋಟೋದತ್ತ ಬಗ್ಗಿ, “ಮುಂದೆ ಇರೋರು ಯಾವಾಗ ಹೋದ್ರು?” ಎಂದು ಕೇಳಿದರು.

“ಇನ್ನೂ ಹೋಗಿಲ್ರಿ. ನಿಮಗೆ ಬಡಿಸಾಕೆ ನಿಂತೀನಿ, ಕೂತ್ಕೊಳ್ರಿ” ಎಂದೆ.