ಕದ್ದು ಕಾಯಿಸಿದ ಬಿಸಿಲು

ಬಿಸಿಲಿನ ವಿಷಯದಲ್ಲಿ ಹಿರೇಕೆರೂರಿನಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನನ್ನದು ಬ್ಯೂಟಿ ಪಾರ್ಲರ್. ಬಂದ ಹೆಂಗಸರು ಕುರ್ಚಿಯಲ್ಲಿ ಕೂರುವ ಮೊದಲೇ, "ಬಿಸಲಾಗ ಅಡ್ಡಾಡಬ್ಯಾಡ್ರಿ, ಮಾರಿ ಮ್ಯಾಲೆ ಬಂಗು ಬರ್ತೈತಿ" ಎಂದು ಉಪದೇಶ ಮಾಡುತ್ತಿದ್ದೆ. ಹೇಳಿದ್ದನ್ನು ನಾನೂ ಪಾಲಿಸುತ್ತಿದ್ದೆ. ಕಿಟಕಿಗೆ ದಪ್ಪ ಪರದೆ, ಕೈಗೆ ಗವಸು, ಮುಖಕ್ಕೆ ಸನ್‌ಸ್ಕ್ರೀನ್, ಅದರ ಮೇಲೆ ಸ್ಕಾರ್ಫು, ಅದರ ಮೇಲೊಂದು ಛತ್ರಿ. ಎದುರಿನ ಅಂಗಡಿಗೆ ಹಾಲು ತರಲು ಹೊರಟರೂ ಜೇನು ಬಿಡಿಸಲು ಹೊರಟವಳಂತೆ ಕಾಣುತ್ತಿದ್ದೆ!

ಹೀಗಿರುವಾಗ ಸೊಂಟ ನೋಯತೊಡಗಿತು. ಆಮೇಲೆ ಮೊಣಕಾಲು. ಪಾರ್ಲರಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಜಾಹೀರಾತು ಓದುವ ನಾಟಕ ಮಾಡುತ್ತಿದ್ದೆ. ನನ್ನ ಗಂಡ ಬಸವರಾಜ ಗೂಡ್ಸ್ ಟೆಂಪೋ ಓಡಿಸುತ್ತಾರೆ. ಒಂದು ದಿನ ಅವರೇ ಒತ್ತಾಯ ಮಾಡಿ ದವಾಖಾನೆಗೆ ಕರೆದೊಯ್ದರು. ರಕ್ತದ ರಿಪೋರ್ಟ್ ಓದಿದ ಡಾಕ್ಟರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ವಿಟಮಿನ್ ಡಿ ಭಾಳ ಕಡಿಮಿ ಐತ್ರಿ. ಬಿಸಲಿಗೆ ಹೋಗೂದ ಇಲ್ಲೇನು?"

"ಇಲ್ಲರಿ" ಎಂದೆ, ಪ್ರಶಸ್ತಿ ಸ್ವೀಕರಿಸುವವಳಂತೆ.

"ಅದಕ್ಕ ಹಿಂಗಾಗೈತಿ. ಗುಳಿಗಿ ಬರದೇನಿ, ತಪ್ಪಿಸಬ್ಯಾಡ್ರಿ. ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಲು ಬೀಳಲಿ. ಮಾರಿಗೆ ನೆಳ್ಳು ಮಾಡ್ಕೊಳ್ರಿ. ಚರ್ಮ ಕೆಂಪಾಗೂ ಹಂಗ ಮಾತ್ರ ಕುಂದ್ರಬ್ಯಾಡ್ರಿ."

ಇಷ್ಟು ಸರಳವಾದ ಮಾತು! ಆದರೆ ನನ್ನ ತಲೆಯಲ್ಲಿ ಬೇರೆಯೇ ಚಿಂತೆ ಹುಟ್ಟಿತು. ದಿನಾ ಬಿಸಿಲಿಗೆ ಕೂತರೆ ಗಿರಾಕಿಗಳು ನೋಡುವುದಿಲ್ಲವೇ? ಊರಿಗೆಲ್ಲ ಬಿಸಿಲು ಬೇಡ ಎಂದವಳು ತಾನೇ ಹಪ್ಪಳದಂತೆ ಒಣಗುವುದೇ? ತುಂಬ ಯೋಚಿಸಿ ಉಪಾಯ ಕಂಡುಕೊಂಡೆ. ಭಾನುವಾರ ಚಿಕ್ಕೇರೂರಿನ ಅಕ್ಕನ ಮನೆಗೆ ಹೋಗುವುದು, ವರ್ಷಗಳ ಬಿಸಿಲನ್ನೆಲ್ಲ ಒಂದೇ ದಿನದಲ್ಲಿ ಪಡೆದು ಬರುವುದು. ಅಲ್ಲಿ ನನ್ನ ಗಿರಾಕಿಗಳಿಲ್ಲ.

ಅಕ್ಕನ ಮಾಳಿಗೆಯ ಮೇಲೆ ಗೋವಿನಜೋಳ ಹರವಿದ್ದರು. "ನೀ ಅಡಗಿ ಮಾಡಕ್ಕ, ನಾ ಹಕ್ಕಿ ಕಾಯ್ತೇನಿ" ಎಂದು ಮೇಲೆ ಹತ್ತಿದೆ. ಚಾಪೆ ಹಾಸಿ, ಗವಸು, ಸ್ಕಾರ್ಫು ತೆಗೆದು, ರವಿಕೆಯ ತೋಳು ಮಡಚಿ ಮಲಗಿದೆ. ಎಷ್ಟೋ ವರ್ಷದ ಮೇಲೆ ಬರಿ ಮೈಗೆ ಬಿಸಿಲು ತಾಗಿತು. ನೋಯುವ ಮೊಣಕಾಲಿನ ಮೇಲೆ ಯಾರೋ ಬೆಚ್ಚಗಿನ ಕೈ ಇಟ್ಟಂತಾಯಿತು. ಇಂಥ ಸುಖವನ್ನು ಇಷ್ಟು ದಿನ ಪರದೆಯ ಆಚೆ ನಿಲ್ಲಿಸಿದ್ದೆನಲ್ಲ ಎಂದು ಕಣ್ಣು ತುಂಬಿ ಬಂತು. ಕೆನ್ನೆಗೆ ನೆರಳಿರಲಿ ಎಂದು ಅಂಗೈ ಅಡ್ಡ ಇಟ್ಟುಕೊಂಡೆ. ನಿದ್ದೆ ಹತ್ತಿತು.

ಎಬ್ಬಿಸಿದ್ದು ಅಕ್ಕನ ಚೀರಾಟ. "ಅಯ್ಯ ನಮ್ಮವ್ವ! ಯಾರ ಹೊಡದ್ರು ನಿನ್ನ?"

ಕನ್ನಡಿ ನೋಡಿದೆ. ಮುಖವೆಲ್ಲ ಮೆಣಸಿನಕಾಯಿಯ ಹಾಗೆ ಕೆಂಪು. ಎಡಗೆನ್ನೆಯ ಮೇಲೆ ಮಾತ್ರ ಅಂಗೈ ಸಮೇತ ಐದು ಬೆರಳು, ಬೆಳ್ಳಗೆ, ಅಚ್ಚುಕಟ್ಟಾಗಿ! ಜೋಳದ ವಿಷಯ ಕೇಳಬೇಡಿ. ಹಕ್ಕಿಗಳು ಊಟ ಮುಗಿಸಿ ಹೋಗಿದ್ದವು.

ಮರುದಿನ ಸವಣೂರಿನಲ್ಲಿ ಮದುಮಗಳ ಮೇಕಪ್ಪು ಒಪ್ಪಿಕೊಂಡಿದ್ದೆ. ತಪ್ಪಿಸುವಂತಿರಲಿಲ್ಲ. ನಸುಕಿನಲ್ಲೇ ಎದ್ದು ಕ್ರೀಮು ಹಚ್ಚಿ ಮುಚ್ಚಲು ನೋಡಿದೆ, ಉರಿಗೆ ಕುಣಿದುಬಿಟ್ಟೆ. ಕೊನೆಗೆ ಸ್ಕಾರ್ಫು ಸುತ್ತಿಕೊಂಡು ಗಂಡನ ಟೆಂಪೋ ಹತ್ತಿದೆ.

ಮದುವೆ ಮನೆಯ ಒಳಕೋಣೆಯಲ್ಲಿ ಸೆಖೆ ತಾಳದೆ ಸ್ಕಾರ್ಫು ತೆಗೆದದ್ದೇ ತಡ, ಹೆಂಗಸರೆಲ್ಲ ನನ್ನ ಕೆನ್ನೆಯತ್ತ ತಿರುಗಿದರು. ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ ಏನೋ ಹೇಳಿದಳು. ಅಷ್ಟರಲ್ಲಿ ನನ್ನ ಗಂಡ ಮೇಕಪ್ಪಿನ ಪೆಟ್ಟಿಗೆ ಹೊತ್ತು ಬಾಗಿಲಿಗೆ ಬಂದರು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಮದುಮಗಳ ಅಜ್ಜಿ ಎದ್ದು ನಿಂತರು.

"ಏ ತಮ್ಮಾ, ಇಲ್ಲಿ ಬಾ. ದುಡಿಯೂ ಹೆಣತಿ ಮ್ಯಾಲೆ ಕೈ ಎತ್ತೀಯಲ್ಲ, ನಾಚಿಕಿ ಬರೂದಿಲ್ಲೇನು ನಿನಗ?"

ಗಂಡ ಪೆಟ್ಟಿಗೆ ಹಿಡಿದೇ ನಿಂತರು. ನನ್ನ ಮುಖ ನೋಡಿದರು. ನಿಜ ಹೊರಗೆ ಬಂದರೆ ನನ್ನ ಪಾರ್ಲರಿನ ಮಾನ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಿಂದಿನ ಸಂಜೆ ತಣ್ಣೀರ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿ ನನ್ನ ಕೆನ್ನೆಗೆ ಇಟ್ಟ ಮನುಷ್ಯ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ಅಜ್ಜಿಯ ಮೇಲೂ ನನಗೆ ಸಿಟ್ಟು ಬರಲಿಲ್ಲ. ಉಳಿದವರು ಪಿಸುಗುಟ್ಟಿದರು, ಗುರುತಿಲ್ಲದ ನನ್ನ ಪರವಾಗಿ ಎದ್ದು ನಿಂತವರು ಅವರೊಬ್ಬರೇ. ಇಬ್ಬರು ಒಳ್ಳೆಯವರ ನಡುವೆ ಸುಳ್ಳು ನನ್ನದೊಂದೇ ಆಗಿತ್ತು.

"ಅವರು ಹೊಡದಿಲ್ಲರಿ ಅಮ್ಮ" ಎಂದೆ. "ಇದು ನನ್ನ ಕೈ. ಬಿಸಲಾಗ ಮಲಗಿದ್ದೆ."

"ಬಿಸಲಾಗ? ಹಿಂಗ ಆಗೂ ಹಂಗ?" ಅಜ್ಜಿ ನಂಬಲಿಲ್ಲ.

ಎಲ್ಲವನ್ನೂ ಹೇಳಿದೆ. ರಿಪೋರ್ಟ್, ಗುಳಿಗೆ, ಮಾಳಿಗೆ, ಹಕ್ಕಿ. ಅಂಗೈಯನ್ನು ಕೆನ್ನೆಯ ಗುರುತಿನ ಮೇಲಿಟ್ಟು ಸಾಕ್ಷಿಯನ್ನೂ ಒದಗಿಸಿದೆ. ಸರಿಯಾಗಿ ಕೂತಿತು! ಕೋಣೆಯೆಲ್ಲ ನಗೆ. ಮದುಮಗಳು ರೇಖಾ ಮಾತ್ರ ನಗಲಿಲ್ಲ.

"ಅಕ್ಕಾರ, ನಿಮ್ಮ ಪಾರ್ಲರಿಗೆ ಫೇಶಿಯಲ್ಲಿಗೆ ಬಂದಾಗ ನನಗ ಅಂಗಳಕ್ಕೂ ಕಾಲಿಡಬ್ಯಾಡ ಅಂದಿದ್ರಿ. ನಿಶ್ಚಯ ಆದಾಗಿಂದ ಗೆಳತ್ಯಾರ ಮನಿಗೂ ಹೋಗಿಲ್ಲ ನಾ. ಕಿಡಕ್ಯಾಗ ನಿಂತು ಮಾತಾಡೇನಿ."

ಅಜ್ಜಿ ನನ್ನನ್ನೇ ನೋಡುತ್ತ ಕೇಳಿದರು, "ಅಲ್ಲಬೇ, ಸೂರ್ಯಾನ ಜೋಡಿ ನಿಂದೇನ ಜಗಳ ಐತಿ?"

ಆಮೇಲೆ ಅವರೇ ಮೊಮ್ಮಗಳ ಕೈ ಹಿಡಿದು ಅಂಗಳಕ್ಕೆ ಕರೆದೊಯ್ದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದರು. ಮುಖಕ್ಕೆ ನೆರಳು, ಮೆಹಂದಿಯ ಪಾದಗಳ ಮೇಲೆ ಎಳೆಬಿಸಿಲು. ರೇಖಾ ಕಾಲ್ಬೆರಳು ಆಡಿಸುತ್ತ ಕಣ್ಣು ಮುಚ್ಚಿ ಕೂತಳು. ಅವಳ ಮುಖ ಅಷ್ಟು ಹಗುರಾದದ್ದನ್ನು ಯಾವ ಫೇಶಿಯಲ್ಲಿನ ನಂತರವೂ ನಾನು ನೋಡಿರಲಿಲ್ಲ. ಬೈದದ್ದಕ್ಕೆ ಪರಿಹಾರವಾಗಿ ನನ್ನ ಗಂಡನಿಗೆ ಒಂದು ತಟ್ಟೆ ಖಾರಾ, ಎರಡು ಸಲ ಚಹಾ ಬಂತು.

ವಾಪಸ್ ಬರುವಾಗ ಅವರು ಹೇಳಿದರು, "ಖರೇ ಹೇಳಿದ್ದು ಚಲೋ ಮಾಡಿದಿ. ಇನ್ನ ಸ್ವಲ್ಪ ತಡ ಆಗಿದ್ರ ಆ ಅಮ್ಮ ನನಗ ಬಡೀತಿದ್ರು."

ಸಿಪ್ಪೆ ಸುಲಿದು ಕೆನ್ನೆ ಒಂದು ಬಣ್ಣಕ್ಕೆ ಬರಲು ಬಹಳ ದಿನ ಹಿಡಿಯಿತು. ಗುಳಿಗೆಯಿಂದ ಮೊಣಕಾಲು ಸುಧಾರಿಸಿದೆ. ಈಗ ಮಹಡಿಯ ಪಾರ್ಲರಿನ ಮುಂದಿನ ತೆರೆದ ಗಚ್ಚಿನ ಮೇಲೆ, ಎಲ್ಲರಿಗೂ ಕಾಣುವಂತೆಯೇ, ಮುಖಕ್ಕೆ ಛತ್ರಿ ಹಿಡಿದು ಕೈಕಾಲು ಬಿಸಿಲಿಗೆ ಚಾಚಿ ಸ್ವಲ್ಪ ಹೊತ್ತು ಕೂರುತ್ತೇನೆ.

ಮೊನ್ನೆ ಕೆಳಗೆ ಹೋಗುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಅಕ್ಕಾರ, ಅರ್ಧಾ ಬಿಸಲಾಗ ಅರ್ಧಾ ನೆಳ್ಳಾಗ ಕುಂತೀರಲ್ಲ, ಯಾಕ್ರಿ?" ಎಂದಳು. ನನಗೆ ಬೇಕಾದದ್ದೂ ಅದೇ. ಬಿಸಿಲು ಎಷ್ಟು, ನೆರಳು ಎಷ್ಟು, ಸನ್‌ಸ್ಕ್ರೀನ್ ಎಲ್ಲಿ, ಗುಳಿಗೆ ಯಾವಾಗ, ಚರ್ಮ ಕೆಂಪಾಗುವ ಮೊದಲೇ ಏಳುವುದು ಹೇಗೆ ಎಂದು ಗಂಭೀರವಾಗಿ ವಿವರಿಸಿದೆ. ಆಕೆ ಚೀಲ ಕೆಳಗಿಟ್ಟು ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದಳು.

"ಅಂದ್ರ ಇವತ್ತ ಪಾರ್ಲರ್ ಬಂದ್ ಐತಿ ಅನ್ರಿ" ಎಂದು ಚೀಲ ಎತ್ತಿಕೊಂಡು ಹೋದಳು.